ಹೊಲಗೇರಿನ ತೋರಣ

"ಬುದ್ಧಿ, ಸಾಧುವನ್ನೂ ಸಾಧುವಿನ ವೇಷ ಹಾಕಿದವನನ್ನೂ ಬೇರೆ ಮಾಡಿ ನೋಡುವುದು ಹೇಗೆ?" ಎಂದು ರೇವಣಯ್ಯ ಗುರುಗಳನ್ನು ಕೇಳಿದ.

ಬೆಟ್ಟದ ಮಠದ ಶಿಷ್ಯಮರಿಗಳಲ್ಲಿ ಅವನೇ ಹಿರಿಯ. ದಾಸೋಹದ ಮನೆಯ ಹೊಣೆ ಅವನದು. ಕಾವಿ ಉಟ್ಟವನೊಬ್ಬ ಮಠದಲ್ಲಿ ನಲವತ್ತು ದಿನ ಉಂಡು, ಹಿಂದಿನ ತಿಂಗಳು ಪೂಜೆಯ ಬೆಳ್ಳಿ ಗಿಂಡಿಯನ್ನು ಜೋಳಿಗೆಗೆ ಹಾಕಿಕೊಂಡು ಹೇಳದೆ ಕೇಳದೆ ಹೋಗಿದ್ದ. ಅಂದಿನಿಂದ ರೇವಣಯ್ಯ ಹೊರಗಿನ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಬಂದವರಿಗೆ ಬಾಗಿಲಲ್ಲೇ ಒಂದು ಹಿಡಿ ಅವಲಕ್ಕಿ ಕೊಟ್ಟು ಸಾಗಹಾಕುತ್ತಿದ್ದ.

"ಕಾವಿ ಒಂದೇ, ವಿಭೂತಿ ಒಂದೇ, ಆಡುವ ಮಾತೂ ಒಂದೇ. ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ ಬುದ್ಧಿ. ಇನ್ನು ಮೇಲೆ ಕಾವಿಯವರಿಗೆ ಯಾರಿಗೂ ಬಾಗಿಲು ತೆರೆಯಬಾರದು ಎಂದು ತಾವೇ ಅಪ್ಪಣೆ ಕೊಟ್ಟುಬಿಡಿ" ಎಂದ.

ಗುರುಗಳು ಕೂತಲ್ಲೇ ಕಾಲು ಚಾಚಿಕೊಂಡರು. "ಅಪ್ಪಣೆ ಎಲ್ಲಿಗೆ ಓಡಿಹೋಗುತ್ತದೆ? ಮೊದಲು ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಾಳಿ ಇದೆ" ಎಂದರು. ಆಮೇಲೆ ಹೇಳತೊಡಗಿದರು.

ಕಾಡಿನ ಅಂಚಿನಲ್ಲಿ ಒಂದು ಊರು. ಆ ಊರಲ್ಲಿ ತೋರಣ ಕಟ್ಟುವ ಒಬ್ಬ ಹೆಂಗಸಿದ್ದಳು. ಮದುವೆಯಾಗಲಿ, ಹೊಸ ಮನೆ ಹೊಗುವುದಾಗಲಿ, ಕೂಸನ್ನು ತೊಟ್ಟಿಲಿಗೆ ಹಾಕುವುದಾಗಲಿ, ಮಾವಿನ ತೋರಣ ಅವಳ ಕೈಯಿಂದಲೇ ಆಗಬೇಕು. ಅವಳಿಗಿಂತ ಮೊದಲು ಅವಳ ಅತ್ತೆ ಕಟ್ಟುತ್ತಿದ್ದಳು. ಅತ್ತೆಗಿಂತ ಮೊದಲು ಅತ್ತೆಯ ಅತ್ತೆ. ಊರಿನಲ್ಲಿ ಹನ್ನೊಂದು ಮಾವಿನ ಮರಗಳಿದ್ದವು. ಯಾವುದರ ಎಲೆ ಉದ್ದ, ಯಾವುದರದ್ದು ಬೇಗ ಬಾಡುತ್ತದೆ, ಯಾವುದಕ್ಕೆ ಇರುವೆ ಹತ್ತುತ್ತದೆ, ಎಲ್ಲ ಅವಳಿಗೆ ಗೊತ್ತು. ಮಾವಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಅವಳು ತಿಳಿದಿದ್ದಳು. ಊರೂ ಹಾಗೇ ತಿಳಿದಿತ್ತು.

ಹನ್ನೆರಡನೆಯ ಮರ ಅವಳ ಹಿತ್ತಲಲ್ಲಿತ್ತು. ಹತ್ತು ವರ್ಷದ ಹಿಂದೆ ಅವಳ ಗಂಡ ಹಳ್ಳದ ದಡದಿಂದ ಒಂದು ಸಸಿ ಕಿತ್ತು ತಂದು ನೆಟ್ಟಿದ್ದ. "ಕಾಡುಮಾವು ಕಣೇ. ಇದರ ಮಿಡಿ ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು" ಎಂದಿದ್ದ. ಆ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಅವಳು ಆ ಸಸಿಗೆ ಬೇಸಿಗೆಯಲ್ಲಿ ಕೊಡದಿಂದ ನೀರು ಹೊತ್ತು ಹಾಕಿದಳು. ಮರ ಮನೆಯ ಮಾಡಿಗಿಂತ ಎತ್ತರವಾಯಿತು. ಮಿಡಿ ಮಾತ್ರ ಬಿಡಲಿಲ್ಲ. ಯಾರಾದರೂ ಕೇಳಿದರೆ "ಕಾಡುಮಾವಲ್ಲವೇ, ತಡ" ಎನ್ನುತ್ತಿದ್ದಳು. ಅದರ ಎಲೆಯನ್ನು ಅವಳು ಯಾರ ತೋರಣಕ್ಕೂ ಕೊಯ್ದಿರಲಿಲ್ಲ. ಗಂಡ ನೆಟ್ಟ ಮರ ಎಂಬ ಪ್ರೀತಿ.

ಹೀಗಿರಲು ಊರಗೌಡನ ಮೊಮ್ಮಗಳ ಮದುವೆ ಬಂತು. ದೊಡ್ಡ ಚಪ್ಪರ, ನಾಲ್ಕು ಬಾಗಿಲು. ಹನ್ನೊಂದು ಮರಗಳೂ ಆಗಷ್ಟೇ ಕೆಂಪು ಚಿಗುರು ಬಿಟ್ಟಿದ್ದವು. ಬಲಿತ ಎಲೆ ಸಾಲಲಿಲ್ಲ. ಆ ಹುಡುಗಿಯೋ ಇವಳ ಮಡಿಲಲ್ಲೇ ಆಡಿ ಬೆಳೆದವಳು. ಅವಳ ಮದುವೆಗಲ್ಲದೆ ಇನ್ನು ಯಾರ ಮದುವೆಗೆ ಎಂದುಕೊಂಡು, ತನ್ನ ಮರದಿಂದಲೇ ಒಂದು ಬುಟ್ಟಿ ಎಲೆ ಕೊಯ್ದಳು. ಎಲೆ ದಪ್ಪವಾಗಿ ಮಿರಮಿರ ಮಿಂಚುತ್ತಿತ್ತು. ಕಳಸಕ್ಕೆ ಇಡುವ ಐದು ಎಲೆಗಳನ್ನೂ ಅದರಿಂದಲೇ ಆರಿಸಿದಳು. ಪುರೋಹಿತರು ಆ ಎಲೆಯನ್ನೇ ಕಳಸದ ನೀರಿನಲ್ಲಿ ಅದ್ದಿ ಮದುಮಗಳ ಹಣೆಗೆ, ಕೆನ್ನೆಗೆ ಚಿಮುಕಿಸಿದರು.

ಮೂರನೆಯ ದಿನ ಮದುಮಗಳ ಮುಖ ಊದಿಕೊಂಡಿತು. ಕಣ್ಣು ಮುಚ್ಚಿಹೋದವು. ಕೆನ್ನೆಯ ತುಂಬ ನೀರುಗುಳ್ಳೆ ಎದ್ದವು. ಗಂಡಿನ ಕಡೆಯವರು ಬೆದರಿದರು. ಹುಡುಗಿಯ ಮೈಯಲ್ಲಿ ಏನೋ ರೋಗವಿದೆ, ಮುಚ್ಚಿಟ್ಟು ನಮ್ಮ ಕೊರಳಿಗೆ ಕಟ್ಟಿದ್ದೀರಿ ಎಂದು ಕೂಗಾಡಿದರು. ಮದುಮಗಳನ್ನು ತವರಲ್ಲೇ ಬಿಟ್ಟು ಗಾಡಿ ಹೂಡಿಕೊಂಡು ಹೊರಟೇಹೋದರು.

ಅಷ್ಟರಲ್ಲಿ ಚಪ್ಪರಕ್ಕೆ ತೋರಣ ಏರಿಸಿದ್ದ ಇಬ್ಬರು ಆಳುಗಳ ತೋಳಿಗೂ ಪುರೋಹಿತರ ಬೆರಳಿಗೂ ಅದೇ ಗುಳ್ಳೆ ಬಂತು. ಆಗ ಊರಿಗೆ ಹೊಳೆಯಿತು, ಇದು ರೋಗವಲ್ಲ, ಎಲೆಯದು ಎಂದು. ಹೊಳೆದರೇನು, ಗಂಡಿನ ಕಡೆಯವರು ನಂಬಬೇಕಲ್ಲ! ಇಂಥ ಮರದ ಎಲೆ, ಇದೇ ಕಾರಣ ಎಂದು ಕಣ್ಣಿಗೆ ತೋರಿಸಿದರೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿಕಳಿಸಿದರು. ತೋರಿಸುವವರು ಯಾರು? ಎಲ್ಲ ಎಲೆಯೂ ಮಾವಿನೆಲೆ.

ಆ ಸೀಮೆಯಲ್ಲಿ ಒಬ್ಬ ಮರದ ವ್ಯಾಪಾರಿ ತಿರುಗಾಡುತ್ತಿದ್ದ. ಮರಗಳ ವಿಷಯ ಅವನಿಗೆ ಗೊತ್ತಿರಬೇಕು ಎಂದು ಗೌಡ ಅವನನ್ನೇ ಕರೆಸಿದ. ವ್ಯಾಪಾರಿ ಒಂದು ಮಾವಿನ ರೆಂಬೆ ಮುರಿದ. ಸೊನೆಯನ್ನು ಆಳಿನ ತುಟಿಗೆ ಸವರಿದ. ಆಳು ಉರಿ ಉರಿ ಎಂದ. ಇನ್ನೊಂದು ಮರದ ಸೊನೆ ಸವರಿದ. ಅದೂ ಉರಿ. "ಎರಡು ನೋಡಿದ್ದು ಸಾಕು ಗೌಡರೇ, ಮಿಕ್ಕವೂ ಇದೇ ಜಾತಿ. ಕಾಡಿನ ಗಾಳಿಗೆ ನಿಮ್ಮೂರ ಮಾವು ವಿಷವಾಗಿದೆ. ಬುಡಸಮೇತ ಕಡಿಸಿಬಿಡಿ. ಕಡಿದ ಮರವನ್ನು ನಾನೇ ಸಾಗಿಸುತ್ತೇನೆ, ನಿಮಗೆ ಯಾಕೆ ತೊಂದರೆ" ಎಂದ. ಎಂಥ ಪರೋಪಕಾರಿ ನೋಡು!

ಮಾವಿನ ಸೊನೆ ಯಾರ ತುಟಿಯನ್ನು ಸುಟ್ಟಿಲ್ಲ ಹೇಳು ರೇವಣ? ತೊಟ್ಟು ಮುರಿದು ಹಾಗೇ ಕಚ್ಚಿ, ನೀನೂ ನಾನೂ ಬಾಯಿ ಸುಟ್ಟುಕೊಂಡವರೇ. ಆ ಊರಿನ ಒಂದೊಂದು ಕೂಸಿಗೂ ಅದು ಗೊತ್ತು. ಆದರೆ ಹೆದರಿದ ಜನಕ್ಕೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಕಡಿಸಿ, ಕಡಿಸಿ ಎಂದು ಎಲ್ಲರೂ ದನಿ ಸೇರಿಸಿದರು.

ತೋರಣದವಳು ಗುಂಪಿನ ನಡುವಿನಿಂದ ಮುಂದೆ ಬಂದಳು. "ಗೌಡರೇ, ಎಂಟು ದಿನ ಕೊಡಿ. ಯಾವ ಮರ ಎಂದು ನಾನು ಹುಡುಕಿ ತೋರಿಸುತ್ತೇನೆ. ತೋರಿಸದಿದ್ದರೆ ಎಲ್ಲವನ್ನೂ ಕಡಿಸಿ" ಎಂದಳು.

ಜನ ಅವಳ ಕೈ ನೋಡಿದರು. ಆ ಎಲೆಗಳನ್ನೆಲ್ಲ ಒಂದೊಂದಾಗಿ ಪೋಣಿಸಿದ ಕೈ. ಒಂದು ಗುಳ್ಳೆಯೂ ಇರಲಿಲ್ಲ. ಇವಳೇ ಏನೋ ಮಾಡಿರಬೇಕು ಎಂದು ಹೆಂಗಸರು ಕಿವಿ ಕಿವಿಯಲ್ಲಿ ಮಾತಾಡಿಕೊಂಡರು. ಅವಳಿಗೂ ಅದು ಕೇಳಿಸಿತು. ಸೆರಗಿನಲ್ಲಿ ಕೈ ಮುಚ್ಚಿಕೊಳ್ಳಬೇಕು ಎನ್ನಿಸಿತು. ಮುಚ್ಚಿಕೊಳ್ಳಲಿಲ್ಲ. ವ್ಯಾಪಾರಿಯ ಕೊಡಲಿಯವರು ಬರಲು ಹೇಗೂ ಎಂಟು ದಿನ ಬೇಕಿತ್ತು. ಗೌಡ ಆಗಲಿ ಎಂದ.

ಮರುದಿನ ಊರಿನ ಮಡಿವಾಳ ಒಂದು ಗಂಟು ಹೊತ್ತು ಅವಳ ಮನೆಗೆ ಬಂದ. ಗಂಟಿನಲ್ಲಿ ಮದುವೆಯ ದಿನ ತೋರಣ ಏರಿಸಿದ ಆಳು ಉಟ್ಟಿದ್ದ ಬಿಳಿ ಪಂಚೆ ಇತ್ತು. ಪಂಚೆಯ ಮೇಲೆ ಕಪ್ಪು ಚುಕ್ಕೆಗಳಿದ್ದವು.

"ತಂಗಿ, ಇದನ್ನು ಮೂರು ಸಲ ಉಬ್ಬೆಗೆ ಹಾಕಿ ಬೇಯಿಸಿದೆ. ಹೋಗಲಿಲ್ಲ. ಮಾವಿನ ಸೊನೆಯ ಕಲೆ ಇಷ್ಟು ಕಪ್ಪಾಗುವುದಿಲ್ಲ. ಊರ ಬಟ್ಟೆಗೆಲ್ಲ ನಾನು ಗುರುತು ಹಾಕುವುದು ಕರಿಗೇರಿನ ಕಾಯಿಯ ರಸದಲ್ಲಿ. ಆ ಕಪ್ಪು ನನಗೆ ಚೆನ್ನಾಗಿ ಗೊತ್ತು. ಇದು ಅದರ ಬಳಗದ್ದೇ" ಎಂದ.

"ಕರಿಗೇರಿನ ಎಲೆಯನ್ನು ನಾನು ಮುಟ್ಟುವುದೇ ಇಲ್ಲವಲ್ಲ ಅಣ್ಣ. ಅದು ಮೊರದಷ್ಟು ಅಗಲ. ಕುರುಡಿಗೂ ಗೊತ್ತಾಗುತ್ತದೆ."

"ಕರಿಗೇರಲ್ಲ, ಹೊಲಗೇರು. ಅದರ ಎಲೆ ಕಂಡರೆ ಮಾವು ಎಂದು ಆಣೆ ಮಾಡಬೇಕು, ಹಾಗಿರುತ್ತದೆ. ಹಳ್ಳದ ದಡದಲ್ಲಿ ಬೆಳೆಯುತ್ತದೆ. ಮಾವು, ಕರಿಗೇರು, ಹೊಲಗೇರು ಮೂರೂ ಒಂದೇ ಬಳಗ. ಅದು ಸರಿ, ಎಲೆ ಕೊಯ್ಯುವಾಗ, ಪೋಣಿಸುವಾಗ ನೀನು ಕೈಗೆ ಏನು ಹಚ್ಚಿಕೊಳ್ಳುತ್ತೀ?"

"ಹರಳೆಣ್ಣೆ. ಸೊನೆಗೆ ಬೆರಳು ಸುಲಿಯುತ್ತದೆ ಎಂದು ಅತ್ತೆಯ ಕಾಲದಿಂದ ಹಚ್ಚುತ್ತೇವೆ."

"ಮತ್ತೆ ಇನ್ನೇನು! ಅದಕ್ಕೇ ನಿನ್ನ ಕೈಗೆ ಏನೂ ಆಗಿಲ್ಲ. ಎಣ್ಣೆ ಇಲ್ಲದಿದ್ದರೆ ಮೊದಲ ಗುಳ್ಳೆ ನಿನಗೇ ಬರುತ್ತಿತ್ತು, ಆ ಮಗುವಿನ ಮುಖ ಉಳಿಯುತ್ತಿತ್ತು" ಎಂದ ಮಡಿವಾಳ.

ಹಳ್ಳದ ದಡ ಎಂದಾಗಲೇ ಗಂಡ ಸಸಿ ಕಿತ್ತು ತಂದ ಜಾಗ ಅವಳಿಗೆ ನೆನಪಾಗಿತ್ತು. ಅದನ್ನು ಅವಳು ಅಲ್ಲೇ ಅದುಮಿಕೊಂಡಳು. "ಗುರುತು ಕಲಿಸಿಕೊಡಣ್ಣ" ಎಂದಳು.

ಮಡಿವಾಳ ಅವಳನ್ನು ಹಳ್ಳದ ದಡಕ್ಕೆ ಕರೆದುಕೊಂಡು ಹೋದ. ಹೊಲಗೇರಿನ ಮರ ತೋರಿಸಿದ. ಅವಳು ನೋಡಿದಳು. ಮಾವೇ. ಸುತ್ತ ಬಂದು ನೋಡಿದಳು. ಆಗಲೂ ಮಾವೇ. ಮಡಿವಾಳ ಎಲೆಯ ತೊಟ್ಟು ನೋಡು ಎಂದ. ತೊಟ್ಟಿನ ಮೇಲೆ ಎರಡು ಸಣ್ಣ ಮೆತ್ತನೆಯ ಮುಳ್ಳುಗಳಿದ್ದವು, ಎಳೆಗರುವಿಗೆ ಕೊಂಬು ಮೊಳೆತ ಹಾಗೆ. ಮಾವಿಗೆ ಅದಿಲ್ಲ. ಮಾವಿನ ತೊಟ್ಟು ಬುಡದಲ್ಲಿ ಸ್ವಲ್ಪ ಉಬ್ಬಿರುತ್ತದೆ. ಮಾವಿನೆಲೆಯನ್ನು ಹೊಸಕಿದರೆ ಮಾವಿನಕಾಯಿಯ ವಾಸನೆ ಬರುತ್ತದೆ. ಹೊಲಗೇರನ್ನು ಹೊಸಕಲೇಬಾರದು. ತೊಟ್ಟು ಮುರಿದಾಗ ಬರುವ ರಸವನ್ನು ಬಿಳಿ ಬಟ್ಟೆಗೆ ಒತ್ತಿ ಇಟ್ಟರೆ, ಮಾವಿನದು ಹಳದಿಯಾಗಿ ಒಣಗುತ್ತದೆ, ಹೊಲಗೇರಿನದು ಬೆಳಗಾಗುವುದರೊಳಗೆ ಕಾಡಿಗೆಯಾಗುತ್ತದೆ.

"ಇನ್ನೊಂದು ಮಾತು. ಎಲೆ ಬಲಿತರೆ ಕೊಂಬು ಉದುರಿಹೋಗುತ್ತದೆ. ಕೈಗೆ ಸಿಕ್ಕುವ ಕೆಳಗಿನ ಎಲೆ ನೋಡಿ ಮೋಸ ಹೋಗಬೇಡ. ತುದಿಯ ಎಳೆ ಎಲೆ ನೋಡು" ಎಂದ ಮಡಿವಾಳ.

ಒಂದು ಸಲ ಕೇಳಿದರೆ ಬಂದುಬಿಡುವ ವಿದ್ಯೆಯೇ ಅದು? ಮಡಿವಾಳ ಬಾಳೆ ಎಲೆಯ ಸೀಳಿನಲ್ಲಿ ಹಿಡಿದು ಎರಡೂ ಜಾತಿಯ ಎಲೆಗಳನ್ನು ಬಂಡೆಯ ಮೇಲೆ ಬೆರೆಸಿ ಹರಡುತ್ತಿದ್ದ. ಅವಳು ಕೋಲಿನಿಂದ ಬೇರೆ ಮಾಡಬೇಕು. ಮೊದಲ ದಿನ ಹತ್ತರಲ್ಲಿ ನಾಲ್ಕು ತಪ್ಪಿದಳು. ಮಡಿವಾಳ ನಕ್ಕ. ಎರಡನೆಯ ದಿನ ಮೂರು ತಪ್ಪಿದಳು. ನಗು ಅವಳಿಗೆ ನಾಟಿತು. ಮೂವತ್ತು ವರ್ಷ ಮಾವಿನೆಲೆ ಪೋಣಿಸಿದವಳಿಗೆ ಮಾವಿನೆಲೆ ಗೊತ್ತಿಲ್ಲ ಎಂದರೆ ಹೇಗಿರಬೇಡ! ನಾಚಿಕೆಯಿಂದ ಅತ್ತಳು. ಅತ್ತು, ಮುಖ ತೊಳೆದುಕೊಂಡು ಮತ್ತೆ ಬಂಡೆಯ ಮುಂದೆ ಕೂತಳು. ಒಂದು ಸಲ ಹುಮ್ಮಸ್ಸಿನಲ್ಲಿ ಬರಿಗೈಯಲ್ಲೇ ಎಲೆ ಎತ್ತಿಬಿಟ್ಟಳು. ಎರಡು ಬೆರಳು ಬೆಂದವು. ಬಟ್ಟೆ ಸುತ್ತಿಕೊಂಡು ಮತ್ತೆ ಬಂದಳು. ಐದನೆಯ ದಿನ ಒಂದೂ ತಪ್ಪಲಿಲ್ಲ.

ಆರನೆಯ ದಿನ ಅವಳು ಊರಿನ ಹನ್ನೊಂದು ಮರಗಳನ್ನೂ ನೋಡಿದಳು. ದೋಟಿಯ ಕೊಕ್ಕೆಯಿಂದ ತುದಿಯ ರೆಂಬೆ ಎಳೆದು ತೊಟ್ಟು ಪರೀಕ್ಷಿಸಿದಳು. ಒಂದೊಂದು ಮರದ ಸೊನೆಯನ್ನೂ ಒಂದೊಂದು ಬಿಳಿ ಬಟ್ಟೆಯ ತುಂಡಿಗೆ ಒತ್ತಿದಳು. ಬೆಳಗ್ಗೆ ನೋಡಿದರೆ ಹನ್ನೊಂದು ತುಂಡೂ ಹಳದಿ. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಇನ್ನು ಉಳಿದದ್ದು ಹಿತ್ತಲಿನ ಮರ ಒಂದೇ.

ಇಷ್ಟು ದಿನ ಅವಳು ಸಂಜೆ ಮನೆಗೆ ಬಂದರೆ ಹಿತ್ತಲಿಗೆ ತಲೆ ಎತ್ತದೆ ಹೋಗಿ ಬರುತ್ತಿದ್ದಳು. ಏಳನೆಯ ದಿನ ತಲೆ ಎತ್ತಿದಳು. ಕೆಳಗಿನ ಕೊಂಬೆಯ ಎಲೆ ಹಿಡಿದು ನೋಡಿದಳು. ತೊಟ್ಟು ನುಣ್ಣಗಿತ್ತು. ಮುಳ್ಳಿಲ್ಲ. "ಅಯ್ಯೋ ನನ್ನಪ್ಪ, ಬದುಕಿದೆ" ಎಂದು ಮರದ ಬುಡಕ್ಕೆ ಒರಗಿದಳು. ಗಂಡ ನೆಟ್ಟದ್ದು ಮಾವೇ. ಅಲ್ಲಿಗೇ ನಿಲ್ಲಿಸಬಹುದಿತ್ತು ಅವಳು. ಯಾರು ಬಂದು ಕೇಳುತ್ತಿದ್ದರು? ಮಡಿವಾಳ ಹೇಳಿದ್ದ ಮಾತು ತಲೆಯಲ್ಲಿ ಕೂತಿತ್ತು. ಅದು ಬಿಡಲಿಲ್ಲ. ಕಾಲೆಳೆದುಕೊಂಡು ಹೋಗಿ ದೋಟಿ ತಂದಳು. ತುದಿಯ ರೆಂಬೆ ಎಳೆದಳು.

ಎಳೆ ಎಲೆಯ ತೊಟ್ಟಿನಲ್ಲಿ ಎರಡು ಕೊಂಬುಗಳಿದ್ದವು.

ಆದರೂ ಬಟ್ಟೆಗೆ ಒತ್ತಿದಳು. ಎಂಟನೆಯ ದಿನ ಬೆಳಗ್ಗೆ ಬಟ್ಟೆ ಕಾಡಿಗೆಯಾಗಿತ್ತು. ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಆ ತುಂಡನ್ನು ಒಲೆಗೆ ಹಾಕಿದರೆ ಮುಗಿಯಿತು. ಹನ್ನೊಂದು ಹಳದಿ ಬಟ್ಟೆ ತೋರಿಸಿದರೆ ಊರ ಮಾವು ಉಳಿಯುತ್ತದೆ. ತನ್ನ ಮರವೂ ಉಳಿಯುತ್ತದೆ. ತನ್ನ ಕೈಯ ಹೆಸರೂ ಉಳಿಯುತ್ತದೆ. ಉಳಿಯದೇ ಹೋಗುವುದು ಒಂದೇ. ತವರಿನ ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಕೂತ ಆ ಹುಡುಗಿ. ಕಾರಣ ಸಿಕ್ಕಲಿಲ್ಲ ಎಂದರೆ ಅವಳು ಕೊನೆಯವರೆಗೂ ರೋಗದವಳೇ.

ತೋರಣದವಳು ಹನ್ನೆರಡು ತುಂಡುಗಳನ್ನೂ ಸೆರಗಿಗೆ ಕಟ್ಟಿಕೊಂಡು ಗೌಡನ ಮನೆಯ ಮುಂದೆ ಹೋದಳು. ಊರೆಲ್ಲ ಸೇರಿತ್ತು. ವ್ಯಾಪಾರಿ ಕೊಡಲಿಯವರನ್ನು ಸಾಲಾಗಿ ಕೂರಿಸಿಕೊಂಡಿದ್ದ. ಗೌಡ ಗಂಡಿನ ಕಡೆಯ ಹಿರಿಯರನ್ನೂ ಕರೆಸಿದ್ದ. ಅವಳು ಹನ್ನೊಂದು ಹಳದಿ ತುಂಡುಗಳನ್ನು ಜಗಲಿಯ ಮೇಲೆ ಹಾಸಿದಳು. ಯಾವುದು ಯಾವ ಮರದ್ದು ಎಂದು ಹೇಳಿದಳು. ಕೊನೆಗೆ ಕಪ್ಪು ತುಂಡು ಇಟ್ಟಳು. ಅದರ ಪಕ್ಕದಲ್ಲಿ ಮಡಿವಾಳ ಮದುವೆಯ ಪಂಚೆ ಬಿಡಿಸಿದ. ಎರಡೂ ಕಪ್ಪು ಒಂದೇ ಆಗಿತ್ತು.

"ಈ ಮರ ಯಾರದಮ್ಮ?" ಎಂದ ಗೌಡ.

"ನನ್ನದು ಗೌಡರೇ. ಇದು ಮಾವಲ್ಲ, ಹೊಲಗೇರು. ನನ್ನ ಯಜಮಾನರು ತಿಳಿಯದೆ ನೆಟ್ಟರು, ನಾನು ತಿಳಿಯದೆ ಕಟ್ಟಿದೆ. ನಿಮ್ಮ ಮೊಮ್ಮಗಳ ಮುಖ ಸುಟ್ಟದ್ದು ನನ್ನ ಕೈಯ ಎಲೆ" ಎಂದಳು.

ಜನ ಹೋ ಎಂದು ಎದ್ದರು. ವ್ಯಾಪಾರಿ ಎಲ್ಲರಿಗಿಂತ ಮೊದಲು ಎದ್ದ. "ಕೇಳಿದಿರಾ? ಇವಳ ಮಾತು ಕಟ್ಟಿಕೊಂಡು ಉಳಿದ ಮರ ಬಿಟ್ಟರೆ ನಾಳೆ ಇನ್ನೊಂದು ಮನೆ ಸುಡುತ್ತದೆ" ಎಂದು ಕೂಗಿದ. ಅವಳು ಕದಲಲಿಲ್ಲ.

ಗೌಡ ಬಟ್ಟೆಗಳನ್ನು ಒಂದೊಂದಾಗಿ ನೋಡಿದ. ಅವನಿಗೆ ಸಿಟ್ಟಿತ್ತು. ಸಿಟ್ಟು ಬರದೆ ಇರುತ್ತದೆಯೇ? ಆಮೇಲೆ ಹೇಳಿದ: "ಸುಳ್ಳು ಹೇಳುವವಳಾಗಿದ್ದರೆ ಈ ಕಪ್ಪು ತುಂಡು ಇಲ್ಲಿಗೆ ಬರುತ್ತಿರಲಿಲ್ಲ. ತನ್ನದನ್ನೇ ಹೊಲಗೇರು ಎಂದವಳು ಊರಿನದನ್ನು ಮಾವು ಎಂದರೆ ನಾನು ನಂಬುತ್ತೇನೆ. ವ್ಯಾಪಾರಿಗಳೇ, ಊಟ ಮಾಡಿಕೊಂಡು ಹೊರಡಿ."

ಗಂಡಿನ ಕಡೆಯ ಹಿರಿಯ ಇಳಿದು ಬಂದು ಕಪ್ಪು ತುಂಡನ್ನೂ ಪಂಚೆಯನ್ನೂ ತಿರುವಿ ತಿರುವಿ ನೋಡಿದ. ಗುಳ್ಳೆ ಮಾಯುತ್ತಲೇ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ ಎಂದ. ಹಾಗೇ ಕರೆದುಕೊಂಡು ಹೋದರು.

ಹಿತ್ತಲಿನ ಮರ ಕಡಿಯಲು ಗೌಡ ಆಳು ಕಳಿಸಿದ. ಅವಳು ವಾಪಸು ಕಳಿಸಿದಳು. "ಇದರ ರಸ ಇನ್ನು ಒಬ್ಬರ ಮೈಗೂ ಬೀಳಬಾರದು" ಎಂದಳು. ಮೈಕೈಗೆಲ್ಲ ಹರಳೆಣ್ಣೆ ಬಳಿದುಕೊಂಡು, ಹಳೆಯ ಸೀರೆ ಸುತ್ತಿಕೊಂಡು, ತಾನೇ ಕೊಡಲಿ ಹಿಡಿದಳು. ಮೂರು ದಿನ ಹಿಡಿಯಿತು. ಗಂಡನ ಹೆಸರು ಹೇಳಿಕೊಂಡು ಗೋಳೋ ಎಂದು ಅಳುತ್ತಾ ಕಡಿದಳು. ಸುಟ್ಟರೆ ಹೊಗೆಯೂ ಮೈ ಸುಡುತ್ತದೆ ಎಂದು ಮಡಿವಾಳ ಹೇಳಿದ್ದರಿಂದ ಗುಂಡಿ ತೋಡಿ ಹೂತಳು. ಮುಂದಿನ ಮದುವೆಗೂ ಊರು ಅವಳನ್ನೇ ತೋರಣಕ್ಕೆ ಕರೆಯಿತು. ಅವಳು ಹೋದಳು. ಈಗ ಪೋಣಿಸುವ ಮೊದಲು ಒಂದೊಂದು ಎಲೆಯ ತೊಟ್ಟನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕೆಲಸ ತಡವಾಗುತ್ತಿತ್ತು. ಯಾರೂ ಅವಸರ ಮಾಡುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮಂಡಿ ನೀವಿಕೊಂಡರು.

ರೇವಣಯ್ಯನ ಮುಖ ಅರಳಿತ್ತು. "ಹಾಗಾದರೆ ಗುರುತು ಎಂಬುದು ಇದೆ ಬುದ್ಧಿ! ಹೊಲಗೇರಿಗೆ ಕೊಂಬು ಇದ್ದ ಹಾಗೆ ಕಳ್ಳಸಾಧುವಿಗೂ ಏನೋ ಒಂದು ಇರಲೇಬೇಕು. ಅದನ್ನು ಹೇಳಿಕೊಡಿ. ಎಷ್ಟು ದಿನ ಹಿಡಿದರೂ ಸರಿ, ಕಲಿಯುತ್ತೇನೆ. ನಾಳೆಯಿಂದ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಪರೀಕ್ಷೆ ಮಾಡುತ್ತೇನೆ" ಎಂದ.

"ಕಲಿಸುತ್ತೇನೆ ಮರಿ, ಅದಕ್ಕೆ ಮೊದಲು ಇಷ್ಟು ಹೇಳು: 'ಇವರು ನನಗೆ ಬೇಕಾದವರು, ಇವರ ಹೊಣೆ ನನ್ನದು' ಎಂದು ಆ ಗಿಂಡಿಯ ಕಳ್ಳನನ್ನು ಕೈಹಿಡಿದು ಒಳಗೆ ಕರೆತಂದವರು ಯಾರು?" ಎಂದರು ಗುರುಗಳು, ರೇವಣಯ್ಯನ ಕೈಯನ್ನೇ ನೋಡುತ್ತಾ.